ಚಿಕ್ಕಬೋರಮ್ಮನ ಜ್ಞಾಪಕಾರ್ಥ ಗೆಳೆತನದ ಬೆಂಚು

ಎತ್ತಿನಕೊಪ್ಪಲಿನ ಸರ್ಕಾರಿ ಶಾಲೆಯಲ್ಲಿ ಸತ್ತವರ ಹೆಸರಿಲ್ಲದ ಒಂದು ಸಾಮಾನು ಹುಡುಕಿಕೊಡಿ ಅಂದರೆ ಎಂಥವನೂ ಕೈಚೆಲ್ಲಬೇಕು. ಹೆಡ್‌ಮೇಡಂ ಮಂಗಳಮ್ಮ ಕೂರುವ ಕುರ್ಚಿಯ ಬೆನ್ನಿಗೆ ದಿವಂಗತ ನಿಂಗೇಗೌಡರು ಆತುಕೊಂಡಿದ್ದಾರೆ. ಐದನೇ ತರಗತಿಯ ಫ್ಯಾನಿನ ಮೂರು ರೆಕ್ಕೆಗೆ ಮೂವರು ಅಣ್ಣತಮ್ಮಂದಿರು. ಬದುಕಿದ್ದಾಗ ಒಂದು ಗುಂಟೆ ಜಾಗಕ್ಕೆ ಕೋರ್ಟು ಹತ್ತಿದವರು ಈಗ ಕರೆಂಟು ಇದ್ದಷ್ಟು ಹೊತ್ತು ಒಂದಾಗಿ ತಿರುಗುತ್ತಾರೆ. ಬಿಸಿಯೂಟದ ತಟ್ಟೆಗಳ ತಳದಲ್ಲಿ ಯಾರದೋ ಸೋದರಮಾವನ ಹೆಸರು ಕೊರೆಸಿದ್ದಾರೆ. ಮಕ್ಕಳು ಸಾರು ಬಳಿದು ಮುಗಿಸುವ ಹೊತ್ತಿಗೆ ಆತ ಕಾಣಿಸಿಕೊಳ್ಳುತ್ತಾನೆ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಮಾಕವಳ್ಳಿ ದಾಟಿ ಒಳಕ್ಕೆ ಹೋದರೆ ಸಿಗುವ ಈ ಊರಿನ ಜನ ಜಿಪುಣರಲ್ಲ. ಧಾರಾಳವಾಗಿ ಕೊಡುತ್ತಾರೆ. ಕೊಟ್ಟದ್ದರ ಮೇಲೆ ಪೇಂಟಿನಲ್ಲಿ ಬರೆಸುತ್ತಾರೆ, ಅಷ್ಟೆ.

ಜುಲೈ ತಿಂಗಳಲ್ಲಿ ಮಂಗಳಮ್ಮನವರನ್ನು ಶ್ರೀರಂಗಪಟ್ಟಣಕ್ಕೆ ಒಂದು ತರಬೇತಿಗೆ ಕರೆಸಿದರು. ಯೋಜನೆಯ ಹೆಸರು ‘ನಗುವ ಶಾಲೆ, ಅರಳುವ ಮಗು’. ಕಿಟಕಿಯಲ್ಲಿ ಕರಿಘಟ್ಟ ಕಾಣುವ ಸಭಾಂಗಣ, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ, ಆ ಸೆಕೆಯಲ್ಲೂ ಕೋಟು ಬಿಚ್ಚದ ಒಬ್ಬ ಯುವಕ. “ಮಗು ಅಂದರೆ ಬರೀ ತಲೆಯಲ್ಲ, ಇಡೀ ಮಗು. ಅದಕ್ಕೆ ಹೊಟ್ಟೆ ಇದೆ, ಮನಸ್ಸಿದೆ, ಗೆಳೆಯರಿದ್ದಾರೆ” ಎಂದು ಆತ ಹೇಳಿದಾಗ ಮೇಷ್ಟರುಗಳೆಲ್ಲ ಬಗ್ಗಿ ಬರೆದುಕೊಂಡರು. ಮೂವತ್ತು ವರ್ಷದಿಂದ ಮಕ್ಕಳ ಮೂಗು ಒರೆಸಿ, ಲಾಡಿ ಕಟ್ಟಿ, ವಾಂತಿ ತೊಳೆದ ಮಂಗಳಮ್ಮ ಮಾತ್ರ ಪೆನ್ನು ತೆಗೆಯಲಿಲ್ಲ. ಅರ್ಧ ಮಗು ಯಾವತ್ತೂ ಅವರ ಶಾಲೆಗೆ ದಾಖಲಾಗಿರಲಿಲ್ಲ. ಇನ್ನು ಮುಂದೆ ಮಕ್ಕಳನ್ನು ಗದರುವಂತಿಲ್ಲ, ಏಕವಚನ ಕೂಡದು, ಶಾಲೆಯ ವಾತಾವರಣಕ್ಕೆ ಅಂಕ ಹಾಕಲು ಒಂದು ತಂಡ ಬರುತ್ತದೆ, ತೊಂಬತ್ತು ದಾಟಿದವರಿಗೆ ಹಳದಿ ಬಾವುಟ ಎಂದೆಲ್ಲ ಕೇಳುತ್ತಾ ಅವರಿಗೆ ಒಳ್ಳೆ ತೂಕಡಿಕೆ ಬಂತು. ‘ಗೆಳೆತನದ ಬೆಂಚು’ ಎಂಬ ಮಾತು ಕಿವಿಗೆ ಬಿದ್ದಾಗಲೇ ಎಚ್ಚರವಾದದ್ದು. ಆಟದ ಬಯಲಿನಲ್ಲಿ ಒಂದು ಬೆಂಚು ಹಾಕುವುದು. ಯಾರಿಗೆ ಜೊತೆ ಇಲ್ಲವೋ ಆ ಮಗು ಹೋಗಿ ಅದರ ಮೇಲೆ ಕೂರುವುದು. ನೋಡಿದ ಮಕ್ಕಳು ಬಂದು ಆಟಕ್ಕೆ ಕರೆಯುವುದು. ಕೂತ ಮಗು ಬಾಯಿಬಿಟ್ಟು ಕೇಳುವ ಅಗತ್ಯವೇ ಇಲ್ಲ.

ಬಾಯಿಬಿಡುವ ಅಗತ್ಯವಿಲ್ಲ ಅಂದ ಕೂಡಲೇ ಮಂಗಳಮ್ಮನವರಿಗೆ ಧನುಶ್ರೀ ನೆನಪಾದಳು.

ಧನುಶ್ರೀ ಜೂನ್‌ನಲ್ಲಿ ನಾಗಮಂಗಲದಿಂದ ಬಂದು ಐದನೇ ತರಗತಿಗೆ ಸೇರಿದ ಹುಡುಗಿ. ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದ. ಅವ್ವ ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸಿಗೆ ಸೇರಿ, ಬೇರೆ ಹೆಂಗಸರ ಜೊತೆ ಒಂದೇ ರೂಮಿನಲ್ಲಿದ್ದಳು. ಅಲ್ಲಿಗೆ ಮಗುವನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಹಾಗಾಗಿ ಹುಡುಗಿ ಎತ್ತಿನಕೊಪ್ಪಲಿನ ತಾತ, ಮರಗೆಲಸದ ಪುಟ್ಟಸ್ವಾಮಿ ಆಚಾರಿಯ ಪಾಲಿಗೆ ಬಂದಿದ್ದಳು. ಈ ಊರಿನಲ್ಲಿ ಮಕ್ಕಳು ಬೀದಿ ಲೆಕ್ಕದಲ್ಲಿ ಆಡುತ್ತಾರೆ. ಮೇಲಿನ ಬೀದಿಯವರು ಮೇಲಿನವರೊಡನೆ, ಕೆಳಗಿನ ಬೀದಿಯವರು ಕೆಳಗಿನವರೊಡನೆ. ಆಚಾರಿಗಳ ಮನೆ ಇರುವುದು ಒಂದೇ ಒಂದು, ಅದೂ ಊರಾಚೆ. ಅದಕ್ಕೆ ಬೀದಿಯೇ ಇಲ್ಲ. ಮೊದಲ ವಾರ ಇಬ್ಬರು ಹುಡುಗಿಯರು ಹೆಸರು ಕೇಳಿದರು, ಇವಳು ಹೇಳಲಿಲ್ಲ, ಅವರು ಓಡಿಹೋದರು. ಅಲ್ಲಿಗೆ ಮುಗಿಯಿತು. ಯಾರೂ ಅವಳನ್ನು ಹೊಡೆಯಲಿಲ್ಲ, ಅಣಕಿಸಲಿಲ್ಲ. ಅವಳು ಅಲ್ಲಿದ್ದಾಳೆ ಅನ್ನುವುದನ್ನೇ ಮರೆತರು. ಊಟದ ಬಿಡುವಿನಲ್ಲಿ ಅವಳು ಗೋಡೆಗೆ ಒರಗಿ ನಿಂತು ಬೆಲ್ಲಿಗೆ ಕಾಯುವುದನ್ನು ನೋಡಿದಾಗಲೆಲ್ಲ ಮಂಗಳಮ್ಮನವರಿಗೆ ಸಂಕಟವಾಗುತ್ತಿತ್ತು.

ತಾತನಿಗೂ ಅದೇ ಸಂಕಟ. ಒಂದು ದಿನ ಟವೆಲು ಕಂಕುಳಲ್ಲಿ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತ.

“ಮೇಡಮ್ಮೋರೆ, ಕೂಸು ಮನೇಲೂ ಮಾತಾಡಾಕಿಲ್ಲ, ಇಲ್ಲೂ ಮಾತಾಡಾಕಿಲ್ಲ. ನಾಗಮಂಗಲ್ದಲ್ಲಿ ಅವ್ರ ದೊಡ್ಡಪ್ಪ ಕರೀತಾವ್ನೆ. ಅವ್ರ ಮನೇಲಿ ಒಂದ್ ಎಳೇ ಮಗ ಐತಂತೆ. ಅದ್ನ ಆಡಿಸ್ಕಂಡ್ ಇರ್ಲಿ, ಜೊತೆಗೆ ಇಸ್ಕೂಲ್ಗೂ ಕಳಿಸ್ತೀನಿ ಅಂತಾವ್ನೆ. ಟೀಸಿ ಕೊಟ್ಬುಡಿ.”

‘ಜೊತೆಗೆ ಇಸ್ಕೂಲಿಗೂ’ ಅಂದರೆ ಏನು ಎನ್ನುವುದು ಮಂಗಳಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಹೋದ ಹುಡುಗಿಯರು ಕೂಸು ಎತ್ತಿಕೊಂಡು, ಪಾತ್ರೆ ಉಜ್ಜಿಕೊಂಡು, ಏಳನೇ ತರಗತಿ ಹೊತ್ತಿಗೆ ಶಾಲೆಯ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ. “ಟೀಸಿ ಪುಸ್ತಕ ಮುಗಿದೋಗಿದೆ, ಪಾಂಡವಪುರದಿಂದ ಪ್ರಿಂಟಾಗಿ ಬರಬೇಕು” ಎಂದು ಹಸಿ ಸುಳ್ಳು ಹೇಳಿದರು. “ದಸರಾ ರಜಕ್ಕೆ ಬಿಡೋ ದಿನದವರೆಗೆ ನೋಡಿ ಆಚಾರ್ರೇ. ಅಷ್ಟರಲ್ಲಿ ಒಬ್ಬ ಗೆಳತಿ ಸಿಕ್ಕೇ ಸಿಗ್ತಾಳೆ.”

“ಸಿಗ್ನಿಲ್ಲ ಅಂದ್ರೆ?”

“ನಾನೇ ಕೈಯಾರೆ ಬರೆದುಕೊಡ್ತೀನಿ.”

ಮಾತು ಕೊಟ್ಟಾಗಿತ್ತು. ಇನ್ನು ಬೆಂಚು ಆಗಬೇಕಿತ್ತು.

ಶಾಲಾ ಸಮಿತಿಯ ಅಧ್ಯಕ್ಷ ತಿಮ್ಮರಾಜು ಕಬ್ಬಿನ ಗದ್ದೆ, ಹತ್ತು ಹಸು, ಒಂದು ಟ್ರಾಕ್ಟರು ಮತ್ತು ಕರಗುವ ಮನಸ್ಸು ಇರುವ ಮನುಷ್ಯ. ಬೆಂಚಿನ ವಿಷಯ ಕೇಳುತ್ತಲೇ ಅವನ ಕಣ್ಣಲ್ಲಿ ನೀರಾಡಿತು.

“ಅಂದ್ರೆ ಯಾರೂ ಇಲ್ದೋರು ಕೂರೋ ಬೆಂಚು ಅನ್ನಿ. ನಮ್ಮವ್ವನೂ ಕೊನೇಗ್ ಇಂಗೇ ಒಬ್ಳೇ ಕೂತಿರೋಳು ಮೇಡಮ್ಮೋರೆ. ಇದ್ನ ನಮ್ಮವ್ವನ ಎಸ್ರಲ್ಲಿ ನಾನೇ ಮಾಡಿಸ್ತೀನಿ. ಬ್ಯಾರೆ ಯಾರ್ನೂ ಕೇಳ್ಬ್ಯಾಡಿ.”

ಅವನ ಅವ್ವ ಚಿಕ್ಕಬೋರಮ್ಮ ಒಬ್ಬಳೇ ಕೂತಿರುತ್ತಿದ್ದುದು ನಿಜ. ಹತ್ತಿರ ಹೋಗುವ ಎದೆ ಯಾರಿಗೂ ಇರಲಿಲ್ಲ. ಶಾಲೆಯ ಬೇಲಿಗೆ ಅಂಟಿಕೊಂಡಂತೆ ಅವಳದೊಂದು ಸೀಬೆಮರ. ಅದರ ಬುಡದಲ್ಲಿ ಕೋಲು ಹಿಡಿದು ಕೂತು, ಕಲ್ಲು ಹೊಡೆದ ಮಕ್ಕಳ ಮೂರು ತಲೆಮಾರನ್ನು ಹೆಸರು ಹಿಡಿದು ಬೈಯುತ್ತಿದ್ದಳು. ಸಾಯುವ ವಾರ ಕೂಡ ಮಂಚದಿಂದಲೇ, “ನನ್ ಮರಕ್ ಕಲ್ಲೊಡದೋರ್ನ ಸತ್ಮ್ಯಾಲೂ ಬುಡಾಕಿಲ್ಲ” ಅಂದಿದ್ದಳಂತೆ. ಆ ಮರಕ್ಕೆ ಕಲ್ಲು ಹೊಡೆಯದ ಮಗು ಎತ್ತಿನಕೊಪ್ಪಲಿನಲ್ಲಿ ಹುಟ್ಟೇ ಇಲ್ಲ. ಇದೆಲ್ಲ ಗೊತ್ತಿದ್ದೂ ಮಂಗಳಮ್ಮ ಸುಮ್ಮನಿದ್ದರು. ಬೆಂಚು ಬಂದರೆ ಸಾಕಾಗಿತ್ತು ಅವರಿಗೆ. ಅದರ ಮೇಲೆ ಯಾರ ಹೆಸರಿದ್ದರೇನು, ಫ್ಯಾನು ತಿರುಗುತ್ತಿಲ್ಲವೇ?

ಬೆಂಚು ಮಾಡುವ ಕೆಲಸ ಪುಟ್ಟಸ್ವಾಮಿಗೇ ಸಿಕ್ಕಿತು. ಹಲಸಿನ ಹಲಗೆ, ಬೆನ್ನಿಗೆ ಒರಗು, ಇಬ್ಬರು ಮಕ್ಕಳು ಆರಾಮಾಗಿ ಕೂರುವಷ್ಟು ಅಗಲ. ಒಂದು ಸಂಜೆ ಮಂಗಳಮ್ಮ ನೋಡಲು ಹೋದಾಗ ಧನುಶ್ರೀ ಆಗಿನ್ನೂ ಹತ್ತರಿ ಹೊಡೆದು ನುಣುಪು ಮಾಡಿದ ಹಲಗೆಯ ಮೇಲೆ ಕಾಲು ಮಡಿಸಿಕೊಂಡು ಹೋಂವರ್ಕ್ ಬರೆಯುತ್ತಿದ್ದಳು. ತಲೆಯ ಮೇಲೆ, ಗೋಡೆಯಲ್ಲಿ, ಅವಳ ಅಪ್ಪನ ಪಟ. ಹೆಡ್‌ಮೇಡಂ ಬಂದದ್ದು ನೋಡಿ ಎದ್ದು ನಿಂತಳೇ ಹೊರತು ಮಾತಿಲ್ಲ.

ಅಲ್ಲಿಂದ ಬೆಂಚು ನೇರವಾಗಿ ಶಾಲೆಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತಿಮ್ಮರಾಜು ಅದನ್ನು ಟ್ರಾಕ್ಟರಿನಲ್ಲಿ ಪೇಟೆಗೆ ಒಯ್ದ. ವಾಪಸು ಬಂದಾಗ ಬೆಂಚಿಗೆ ನೀಲಿ ಬಣ್ಣ, ಅದರ ಮೇಲೆ ಬಂಗಾರದ ಅಕ್ಷರ: ‘ಗೆಳೆತನದ ಬೆಂಚು. ದಿವಂಗತ ಶ್ರೀಮತಿ ಚಿಕ್ಕಬೋರಮ್ಮನವರ ಜ್ಞಾಪಕಾರ್ಥ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಮರಿಮಕ್ಕಳು.’ ಇದರಲ್ಲಿ ‘ಗೆಳೆತನ’ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿತ್ತು. ಒರಗಿನ ನಟ್ಟನಡುವೆ ಟೈಲ್ಸಿನ ಮೇಲೆ ಅಚ್ಚು ಮಾಡಿಸಿದ ಮುದುಕಿಯ ಫೋಟೊ. ಬದುಕಿದ್ದಾಗ ಯಾರೂ ಫೋಟೊ ತೆಗೆಯುವ ಧೈರ್ಯ ಮಾಡದ ಕಾರಣ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದ. ಕಣ್ಣು ಅಗಲಿಸಿ ನೋಡಮ್ಮ ಎಂದು ಅವತ್ತು ಆಪರೇಟರು ಹೇಳಿದ್ದನ್ನು ಚಿಕ್ಕಬೋರಮ್ಮ ಸರಿಯಾಗಿಯೇ ಪಾಲಿಸಿದ್ದಳು. ಇಬ್ಬರು ಮಕ್ಕಳು ಕೂತರೆ ಇಬ್ಬರ ಭುಜದ ನಡುವಿನಿಂದ ಅವಳು ಇಣುಕುವಂತಿತ್ತು.

“ಎಂಗದೆ ಮೇಡಮ್ಮೋರೆ? ನಮ್ಮವ್ವ ಎದ್ ಬಂದಂಗಿಲ್ವಾ?”

“ಹಾಗೇ ಇದೆ” ಎಂದರು ಮಂಗಳಮ್ಮ. ಅವರಿಗೂ ಆ ಕ್ಷಣ ಬೆನ್ನಿನಲ್ಲಿ ಸಣ್ಣಗೆ ಚಳಿಯಾಗಿತ್ತು.

ಆಮೇಲೆ ಉದ್ಘಾಟನೆಯ ರಗಳೆ. ದೊಡ್ಡ ಮನುಷ್ಯರೊಬ್ಬರ ಕೈಯಲ್ಲಿ ರಿಬ್ಬನ್ ಕತ್ತರಿಸಬೇಕೆಂದು ತಿಮ್ಮರಾಜು ಹಟ ಹಿಡಿದ. ದೊಡ್ಡ ಮನುಷ್ಯರ ಡೇಟು ಸಿಗಲಿಲ್ಲ. ಅಲ್ಲಿಯವರೆಗೆ ಮಕ್ಕಳು ಕೂತು ಗಲೀಜು ಮಾಡುವುದು ಬೇಡವೆಂದು ಬೆಂಚಿಗೆ ಪ್ಲಾಸ್ಟಿಕ್ ಸುತ್ತಿ, ಹಗ್ಗ ಬಿಗಿದು, ಬಯಲಿನ ನಡುವೆ ನಿಲ್ಲಿಸಿದರು. ಇಡೀ ಆಗಸ್ಟು ತಿಂಗಳು ಧನುಶ್ರೀ ಗೋಡೆಗೆ ಒರಗಿ ನಿಂತು, ಪ್ಲಾಸ್ಟಿಕ್ ಸುತ್ತಿದ ಗೆಳೆತನವನ್ನು ನೋಡಿದಳು. ಮಂಗಳಮ್ಮ ಎರಡು ಸಲ ಕೇಳಿದರು, ತಿಮ್ಮರಾಜು ಎರಡು ಸಲವೂ “ಆಗ್ಬುಡ್ತದೆ ಬುಡಿ” ಅಂದ. ಅಷ್ಟರಲ್ಲಿ ಸೆಪ್ಟೆಂಬರು ಬಂತು, ಅದರ ಜೊತೆಗೆ ಪಿತೃಪಕ್ಷ. ಹಿರಿಯರಿಗೆ ಎಡೆ ಇಡುವ ದಿನಗಳಲ್ಲಿ ಹೊಸ ವಸ್ತುವಿಗೆ ಪೂಜೆಯೂ ಇಲ್ಲ, ಉದ್ಘಾಟನೆಯೂ ಇಲ್ಲ. “ಪಕ್ಷ ಕಳೀಗಂಟ ಯಾರೂ ಮುಟ್ಟಂಗಿಲ್ಲ” ಎಂದು ಅಪ್ಪಣೆಯಾಯಿತು.

ಯಾರೂ ಮುಟ್ಟುವಂತಿಲ್ಲ ಎಂದವನೇ ಅದನ್ನು ಮೊದಲು ಮುಟ್ಟಿದ. ಪಕ್ಷದ ಭಾನುವಾರ ಅವ್ವನಿಗೆ ಎಡೆ ಇಡಬೇಕು; ನೋಡಿದರೆ ಮನೆಯಲ್ಲಿ ಅವ್ವನ ಒಂದು ಸರಿಯಾದ ಫೋಟೊ ಇಲ್ಲ. ಇರುವ ಒಂದೇ ಒಳ್ಳೆ ಫೋಟೊ ಶಾಲೆಯ ಬೆಂಚಿನಲ್ಲಿ! ತಿಮ್ಮರಾಜು ಮಡದಿ ಮಕ್ಕಳೊಡನೆ ಬಂದು ಪ್ಲಾಸ್ಟಿಕ್ ಬಿಚ್ಚಿ, ಬೆಂಚಿಗೆ ಹೊಸ ಸೀರೆ ಹೊದಿಸಿ, ಬಾಳೆಲೆಯಲ್ಲಿ ಮುದ್ದೆ, ಬಾಡಿನ ಸಾರು, ವಡೆ, ಎಲೆಅಡಿಕೆ, ಕಡ್ಡಿಪುಡಿ ಇಟ್ಟು, ಧೂಪ ಹಾಕಿ, ಅವ್ವ ಬಂದು ಉಣ್ಣಲಿ ಎಂದು ಕೈಮುಗಿದು ಹೋದ. ರಾತ್ರಿ ಬೀದಿನಾಯಿಗಳು ಉಂಡವು. ಸೋಮವಾರ ಮುಂಚೆ ಬಂದ ಮಕ್ಕಳು ಕಂಡದ್ದು ನೆಕ್ಕಿದ ಎಲೆ, ಧೂಪದ ಬೂದಿ, ಬೆಂಚಿನ ಮೇಲೆ ಚಿಕ್ಕಬೋರಮ್ಮನ ಅಳತೆಗೆ ಸುತ್ತಿಕೊಂಡಿದ್ದ ಸೀರೆ.

“ಅಜ್ಜಿ ಉಂಡ್ಬುಟ್ಟು ಕೂತವ್ಳೆ ಕಣ್ಲಾ” ಎಂದು ಯಾರೋ ಪಿಸುಗುಟ್ಟಿದರು. ಅಲ್ಲಿಗೆ ತೀರ್ಮಾನವಾಯಿತು.

ಮಂಗಳಮ್ಮ ಬಂದವರೇ ಎಲೆ ಎತ್ತಿಸಿ, ಸೀರೆ ತೆಗೆಸಿ, ನೆಲ ತೊಳೆಸಿದರು. ಅಧ್ಯಕ್ಷರಿಗೆ ಫೋನು ಮಾಡಿ ಸ್ವಲ್ಪ ಖಾರವಾಗಿಯೇ ಮಾತಾಡಿದರು. ಮಕ್ಕಳು ಬೆಂಚಿನ ಸುತ್ತ ದೊಡ್ಡ ಜಾಗ ಬಿಟ್ಟು ಓಡಾಡುತ್ತಿರುವುದು ಅವರ ಕಣ್ಣಿಗೆ ಬೀಳಲಿಲ್ಲ. ಬೀಳುವಷ್ಟು ಪುರಸೊತ್ತು ಎಲ್ಲಿತ್ತು? ಅವತ್ತೇ ಸುದ್ದಿ ಬಂದಿತ್ತು: ವಾತಾವರಣ ನೋಡುವ ತಂಡ ದಸರಾ ರಜಕ್ಕೆ ಬಿಡುವ ದಿನವೇ ಬರುತ್ತದೆ, ಗೆಳೆತನದ ಬೆಂಚಿನ ಪ್ರಾತ್ಯಕ್ಷಿಕೆ ತೋರಿಸಬೇಕು.

ಪ್ರಾತ್ಯಕ್ಷಿಕೆ ಅಂದ ಮೇಲೆ ಒಂದು ಒಂಟಿ ಮಗು ಬೇಕು. “ಧನುಶ್ರೀ ಕೂರಲಿ” ಎಂದರು ಮಂಗಳಮ್ಮ. ಡ್ರಿಲ್ ಮೇಷ್ಟ್ರು ದೇವರಾಜು ತಲೆ ಕೆರೆದುಕೊಂಡ.

“ಆ ಮಗು ನಗಲ್ಲ ಮೇಡಂ. ಕೊನೇಲಿ ಗೆಳತಿಯರು ಸಿಕ್ಕಿದ ಮೇಲೆ ನಗಬೇಕು, ಫೋಟೊ ಇದೆ.”

ತಿಮ್ಮರಾಜುವಿಗೆ ಅದರಲ್ಲಿ ಯೋಚಿಸುವಂಥದ್ದೇ ಕಾಣಲಿಲ್ಲ. ಅವನ ಮೊಮ್ಮಗಳು ಅಕ್ಷಿತಾ ಅದೇ ತರಗತಿಯಲ್ಲಿದ್ದಳು. ಅಕ್ಷಿತಾ ಎಲ್ಲಿ ಹೋದರೂ ಹಿಂದೆ ಆರು ಹುಡುಗಿಯರು ಹೋಗುತ್ತಿದ್ದರು. ನೀರು ಕುಡಿಯಲು ಹೋದರೂ ಮೆರವಣಿಗೆಯೇ. “ನಮ್ಮವ್ವನ ಬೆಂಚಲ್ಲಿ ನಮ್ ಮಗೀನೇ ಒಂಟಿ ಆಗ್ಬೇಕು” ಎಂದ. ಸುದ್ದಿ ಹರಡಿದ್ದೇ ತಡ, ಉಳಿದ ತಾಯಂದಿರು ಶಾಲೆಗೆ ನುಗ್ಗಿದರು. “ನಮ್ ಹರ್ಷಿತನ್ನ ಯಾಕ್ ಒಂಟಿ ಮಾಡಾಕಿಲ್ಲ? ನಾವೇನ್ ಅವ್ರಿಗಿಂತ ಕಮ್ಮೀನಾ?” ಊರಿನಲ್ಲಿ ಒಂಟಿತನಕ್ಕೆ ಇಷ್ಟೊಂದು ಬೇಡಿಕೆ ಹಿಂದೆಂದೂ ಬಂದಿರಲಿಲ್ಲ. ಕೊನೆಗೆ ಅಕ್ಷಿತಾ ಒಂಟಿ, ಉಳಿದ ಹತ್ತು ಮಕ್ಕಳು ಓಡಿಬಂದು ಗೆಳೆತನ ಮಾಡುವವರು ಎಂದು ರಾಜಿಯಾಯಿತು. ಧನುಶ್ರೀಗೆ ಬಂದವರ ಚಪ್ಪಲಿ ಕಾಯುವ ಕೆಲಸ; ಬೆಂಚಿನಲ್ಲಿ ಪಟ ಇರುವುದರಿಂದ ಹತ್ತಿರ ಹೋಗುವವರು ಕಾಲುಚೀಲ ಸಹಿತ ಬಿಚ್ಚಬೇಕೆಂದು ತಿಮ್ಮರಾಜುವಿನ ಕಟ್ಟಪ್ಪಣೆಯಾಗಿತ್ತು. ಮಂಗಳಮ್ಮನವರಿಗೆ ಮನಸ್ಸು ಒಪ್ಪಲಿಲ್ಲ. ತಂಡ ಹೋದ ಮೇಲೆ ಬೆಂಚು ಎಲ್ಲಿಗೆ ಹೋಗುತ್ತದೆ, ಇಲ್ಲೇ ಇರುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡರು. ಟೀಸಿ ಬರೆಯುವ ದಿನವೂ ಅದೇ ಎಂಬುದನ್ನು ಬೇಕೆಂದೇ ಮನಸ್ಸಿನ ಮೂಲೆಗೆ ತಳ್ಳಿದರು.

ತಾಲೀಮು ಶುರುವಾಯಿತು. ಪಕ್ಷ ಮುಗಿಯದ ಕಾರಣ ಬೆಂಚಿನ ಮೇಲಲ್ಲ, ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿ. ದೇವರಾಜು ಸೀಟಿ ಊದಿದರೆ ಅಕ್ಷಿತಾ ಕೂತು ಕೆನ್ನೆಗೆ ಕೈಕೊಡಬೇಕು, ಇನ್ನೊಂದು ಸೀಟಿಗೆ ಹತ್ತೂ ಜನ ಓಡಿಬರಬೇಕು. ದೇವರಾಜುವಿನ ನಿಜವಾದ ಕಷ್ಟ ಬಹುವಚನದ್ದು. ಇಪ್ಪತ್ತು ವರ್ಷ “ಬಾರ್ಲಾ ಲೇ” ಎಂದು ಕರೆದ ಬಾಯಿ “ದಯವಿಟ್ಟು ಬನ್ನಿ ಮಕ್ಕಳೇ” ಅಂದಾಗ ನಾಲ್ಕನೇ ತರಗತಿಯ ಹುಡುಗನೊಬ್ಬ ಅಳಲು ಶುರುಮಾಡಿದ. ಮೇಷ್ಟ್ರು ಇಷ್ಟು ಮೆತ್ತಗೆ ಮಾತಾಡುವುದು ಯಾರಾದರೂ ಸತ್ತಾಗ ಮಾತ್ರ ಎಂದು ಅವನ ಅನುಭವ. ಏನೇ ಆಗಲಿ, ಮೂರನೇ ದಿನಕ್ಕೆ ಮಕ್ಕಳು ಪ್ಲಾಸ್ಟಿಕ್ ಕುರ್ಚಿಯ ಜೊತೆ ಅದ್ಭುತವಾಗಿ ಗೆಳೆತನ ಮಾಡುತ್ತಿದ್ದರು.

ಪಕ್ಷ ಕಳೆಯಿತು; ತಂಡದ ಭೇಟಿಯನ್ನೇ ಉದ್ಘಾಟನೆ ಅಂದುಕೊಳ್ಳಲು ತಿಮ್ಮರಾಜು ಒಪ್ಪಿದ. ತಂಡ ಬರುವ ಬೆಳಿಗ್ಗೆ ಮಂಗಳಮ್ಮ ಬಾಗಿಲು ಹಾಕಿಕೊಂಡು ಧನುಶ್ರೀಯ ಟೀಸಿ ಬರೆದರು. ಕೈಯಾರೆ ಬರೆದುಕೊಡುತ್ತೇನೆ ಎಂದಿದ್ದರಲ್ಲ. ಸಹಿ ಹಾಕುವಾಗ ತಮ್ಮ ಮೇಲೆಯೇ ಸಿಟ್ಟು ಬಂತು.

ಹತ್ತಕ್ಕೆ ಬರಬೇಕಾದ ತಂಡ ಮೇಲುಕೋಟೆಯಲ್ಲಿ ದರ್ಶನ, ಪುಳಿಯೋಗರೆ ಎಲ್ಲ ಮುಗಿಸಿ ಮಧ್ಯಾಹ್ನಕ್ಕೆ ಬಂತು. ಮುಂದಾಳು ಪ್ರಿಯಾಂಕ ಮೇಡಂ, ಚಿಕ್ಕ ವಯಸ್ಸು, ಕೈಯಲ್ಲಿ ಟ್ಯಾಬು. ಜೊತೆಗೆ ವಿಡಿಯೊ ಮಾಡುವ ಒಬ್ಬಾತ. ಆಕೆ ಗೋಡೆಯ ಮೇಲಿನ ನಗುಮುಖಗಳನ್ನು ಎಣಿಸಿದರು, ಶೌಚಾಲಯಕ್ಕೆ ಹಚ್ಚಿದ ಗುಲಾಬಿ ಬಣ್ಣವನ್ನು ಮೆಚ್ಚಿದರು. ನೀರು ಬರುತ್ತದೆಯೇ ಎಂದು ನಲ್ಲಿ ತಿರುಗಿಸಲಿಲ್ಲ. ನಂತರ ಎಲ್ಲರೂ ಬಯಲಿಗೆ ನಡೆದು, ಶೂ ಬಿಚ್ಚಿ ಧನುಶ್ರೀಯ ಮುಂದೆ ಸಾಲಾಗಿ ಇಟ್ಟು, ಬರಿಗಾಲಲ್ಲಿ ಗೆಳೆತನದ ಎದುರು ನಿಂತರು.

ಸೀಟಿ ಕೂಗಿತು. ಅಕ್ಷಿತಾ ಜಂಬದಿಂದ ಹೋಗಿ ಬೆಂಚಿನಲ್ಲಿ ಕೂತು ಕೆನ್ನೆಗೆ ಕೈಕೊಟ್ಟಳು. ಎರಡನೇ ಸೀಟಿ ಕೂಗಿತು. ಹತ್ತು ಮಕ್ಕಳಲ್ಲಿ ಒಬ್ಬರೂ ಕದಲಲಿಲ್ಲ.

“ಬನ್ನಿ ಮಕ್ಕಳೇ, ಸ್ಪಂದಿಸಿ” ಎಂದ ದೇವರಾಜು. ಮಕ್ಕಳು ಒಂದು ಹೆಜ್ಜೆ ಹಿಂದಕ್ಕೆ ಹೋದರು. ಸೀಟಿ ಮತ್ತೆ ಕೂಗಿತು, ಇನ್ನೊಂದು ಹೆಜ್ಜೆ ಹಿಂದೆ. ತರಬೇತಿ ಎಲ್ಲ ಮರೆತು ಅವನು ಹಲ್ಲು ಕಚ್ಚಿ, “ಲೇ, ಓಗ್ರಲಾ!” ಎಂದ.

“ಓಗಾಕಿಲ್ಲ ಸಾ” ಎಂದು ಮುಂದಿನ ಹುಡುಗ ಅಳುದನಿಯಲ್ಲಿ ಹೇಳಿದ. “ಅಲ್ಲಿ ಅಜ್ಜಿ ಕೂತವ್ಳೆ. ಎಡೆ ಉಂಡವ್ಳೆ. ಅಕ್ಷಿತನ್ನ ಇಡ್ಕಂಡವ್ಳೆ.”

ಅಕ್ಷಿತಾಗೆ ಅದು ಕೇಳಿಸಿತು. ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಗೇಣು ದೂರದಲ್ಲಿ ಮುತ್ತಜ್ಜಿ ಕಣ್ಣು ಅಗಲಿಸಿ ನೋಡುತ್ತಿದ್ದಳು. ಹುಡುಗಿ ಕಿರುಚಲು ಬಾಯಿ ತೆರೆದರೂ ದನಿ ಬರಲಿಲ್ಲ, ಏಳಲು ಹೋದರೆ ಕಾಲು ಏಳಲಿಲ್ಲ. ಎದುರಿಗೆ ನೋಡಿದಳು, ನೀರಿಗೂ ಹಿಂದೆ ಬರುತ್ತಿದ್ದ ಆರೂ ಹುಡುಗಿಯರು ಒಬ್ಬರ ಹಿಂದೊಬ್ಬರು ಅವಿತುಕೊಳ್ಳುತ್ತಿದ್ದರು. ಆಗ ಅವಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

“ಅಬ್ಬಾ, ಎಷ್ಟು ನೈಜವಾಗಿ ಮಾಡ್ತಿದ್ದಾಳೆ!” ಎಂದರು ಪ್ರಿಯಾಂಕ ಮೇಡಂ. ಮೊಮ್ಮಗಳ ಕಡೆ ನುಗ್ಗಲು ಹೋದ ತಿಮ್ಮರಾಜುವನ್ನು ಕೈ ಅಡ್ಡ ಹಿಡಿದು ತಡೆದರು. “ದಯವಿಟ್ಟು ದೊಡ್ಡವರು ಮಧ್ಯೆ ಬರಬಾರದು. ಮಕ್ಕಳೇ ಪರಿಹಾರ ಕಂಡುಕೊಳ್ಳಬೇಕು. ಅದಕ್ಕೆ ಹದಿನೈದು ಅಂಕ ಇದೆ.”

ಇಷ್ಟು ಜನ ದೊಡ್ಡವರು, ಇಷ್ಟು ಹತ್ತಿರ, ಒಂದು ಮಗು ಭಯದಿಂದ ಮರಗಟ್ಟಿ ಅಳುತ್ತಿದೆ, ಯಾರೂ ಹೋಗುತ್ತಿಲ್ಲ. ಮಂಗಳಮ್ಮನವರಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಹಾಳಾಗಿ ಹೋಗಲಿ ಹದಿನೈದು ಅಂಕ ಎಂದು ಅವರು ಮುಂದೆ ಹೆಜ್ಜೆ ಇಟ್ಟರು. ಅಷ್ಟರಲ್ಲಿ ಶೂಗಳ ಸಾಲಿನ ಕಡೆಯಿಂದ ಧನುಶ್ರೀ ಎದ್ದಳು.

ಅವಳು ಓಡಲಿಲ್ಲ. ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಂತೆ ಬಯಲು ದಾಟಿ, ಬೆಂಚಿನ ಹತ್ತಿರ ನಿಂತಳು.

“ಸರ್ಕೊ” ಎಂದಳು.

ನಾಲ್ಕು ತಿಂಗಳಲ್ಲಿ ಶಾಲೆ ಕೇಳಿದ ಅವಳ ಮೊದಲ ಮಾತು ಅದು. ಅಕ್ಷಿತಾ ಸರಿದಳು. ಧನುಶ್ರೀ ಪಕ್ಕದಲ್ಲಿ ಕೂತು ಪಟಕ್ಕೆ ಆರಾಮಾಗಿ ಬೆನ್ನು ಆನಿಸಿದಳು. ಹತ್ತಿರ ಬಂದಿದ್ದ ಮಂಗಳಮ್ಮನವರಿಗೆ ಆಮೇಲಿನ ಮಾತೆಲ್ಲ ಸ್ಪಷ್ಟವಾಗಿ ಕೇಳಿಸಿತು.

“ಅಳ್ಬ್ಯಾಡ ಕಣೆ. ಪಟದಾಗಿರೋರು ಎದ್ ಬರಾಕಿಲ್ಲ.”

“ನಿಂಗೆಂಗೆ ಗೊತ್ತು?” ಬಿಕ್ಕುತ್ತಾ ಕೇಳಿದಳು ಅಕ್ಷಿತಾ.

“ನಮ್ಮಪ್ಪನೂ ಪಟದಾಗವ್ನೆ. ನಾನ್ ದಿನಾ ಕರ್ದ್ ನೋಡಿವ್ನಿ. ಬರಾಕಿಲ್ಲ.”

ಮಂಗಳಮ್ಮ ಅಲ್ಲೇ ನಿಂತುಬಿಟ್ಟರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಮಕ್ಕಳ ಎದುರಿಗೇ ಅತ್ತರು. ಅಕ್ಷಿತಾ ಬಿಕ್ಕುವುದನ್ನು ನಿಲ್ಲಿಸಿ ಪಕ್ಕದವಳನ್ನು ತಿರುಗಿ ನೋಡಿದಳು. ಜೂನ್‌ನಿಂದ ಒಂದೇ ತರಗತಿಯಲ್ಲಿದ್ದರೂ ಅವಳು ಈ ಹುಡುಗಿಯ ಮುಖ ನೋಡಿದ್ದು ಆಗಲೇ. “ಕುಂಟೆಬಿಲ್ಲೆ ಆಡಾಕ್ ಬತ್ತೀಯಾ?” ಎಂದಳು.

ಅಷ್ಟರಲ್ಲಿ ಪ್ರಿಯಾಂಕ ಮೇಡಂ ವಿಡಿಯೊದವನ ಮೇಲೆ ರೇಗುತ್ತಿದ್ದರು. ಹತ್ತು ಮಕ್ಕಳು ಬರಲಿ ಎಂದು ಕಾಯುತ್ತಿದ್ದ ಆತ ಒಬ್ಬಳು ಬಂದದ್ದನ್ನು ಹಿಡಿದಿರಲಿಲ್ಲ. ಆಕೆ ಬೆಂಚಿನ ಹತ್ತಿರ ಬಂದು ಬಗ್ಗಿ, ಮೊದಲು ಧನುಶ್ರೀಗೆ, ಆಮೇಲೆ ಅಕ್ಷಿತಾಗೆ, ತರಬೇತಿಯ ದನಿಯಲ್ಲಿ ಹೇಳಿದರು:

“ಪುಟ್ಟಾ, ತುಂಬಾ ಚೆನ್ನಾಗಿತ್ತು. ನೀವು ವಾಪಸ್ ಶೂ ಹತ್ರ ಹೋಗಿ. ನೀವು ಇನ್ನೊಂದು ಸಲ ಒಂಟಿ ಆಗಿ, ಆಯ್ತಾ?”

ಅಕ್ಷಿತಾ ಮೂಗು ಒರೆಸಿಕೊಂಡು ಎದ್ದಳು. “ಆಗಾಕಿಲ್ಲ ಮಿಸ್. ಇವ್ಳು ಬಂದ್ಬುಟ್ಳಲ್ಲ” ಎಂದು ಧನುಶ್ರೀಯ ಕೈ ಹಿಡಿದು ಎಳೆದುಕೊಂಡು ಶಾಲೆಯ ಹಿಂದಕ್ಕೆ ಓಡಿದಳು. ಅಜ್ಜಿ ಏನೂ ಮಾಡಲಿಲ್ಲ ಎಂಬುದು ಖಾತ್ರಿಯಾದ ಮೇಲೆ ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಹಿಂದೆ ಹೋದರು. ಕಾವಲಿಲ್ಲದ ಶೂಗಳಲ್ಲಿ ಒಂದನ್ನು ಎಡೆ ಉಂಡ ರುಚಿಯ ನಾಯಿ ಕಚ್ಚಿಕೊಂಡು ಹೋಯಿತು.

ಶಾಲೆಗೆ ಐವತ್ತೆಂಟು ಅಂಕ ಬಂತು. ‘ನಿಗದಿತ ಮಕ್ಕಳು ಸ್ಪಂದಿಸಲಿಲ್ಲ. ಸ್ಪಂದಿಸಿದ ಮಗು ನಿಗದಿತವಲ್ಲ’ ಎಂದು ಷರಾ ಬರೆದು, ಒಂದೇ ಕಾಲಿಗೆ ಶೂ ಹಾಕಿಕೊಂಡು ಪ್ರಿಯಾಂಕ ಮೇಡಂ ಜೀಪು ಹತ್ತಿದರು. ತಿಮ್ಮರಾಜು ಖಾಲಿ ಬೆಂಚಿನಲ್ಲಿ ಕುಸಿದು ಕೂತ.

“ನಮ್ಮವ್ವನ್ ಕಂಡ್ರೆ ಮಕ್ಳು ಇಷ್ಟೊಂದ್ ಎದುರ್ತವಾ ಮೇಡಮ್ಮೋರೆ?” ಎಂದ. ಆಮೇಲೆ ತಾನೇ ಹೇಳಿದ: “ಬುಡಿ, ನಾನೂ ಎದುರ್ತಿದ್ದೆ. ನಾಳೀಕೆ ಟೈಲ್ಸ್ ಕೀಳ್ಸಿ ಮನೆಗ್ ತಕ್ಕೊಂಡ್ ಓಯ್ತೀನಿ.”

ಸಂಜೆ ನಾಗಮಂಗಲದ ಬಸ್ಸಿನ ಹೊತ್ತಿಗೆ ಪುಟ್ಟಸ್ವಾಮಿ ಬಂದ. ಒಂದು ಕೈಯಲ್ಲಿ ಹುಡುಗಿಯ ಬಟ್ಟೆಯ ಬ್ಯಾಗು, ಇನ್ನೊಂದರಲ್ಲಿ ದಾರಿಗೆಂದು ಬಾಳೆಹಣ್ಣು. ಮಂಗಳಮ್ಮ ಮೇಜಿನ ಡ್ರಾಯರಿನಿಂದ ಟೀಸಿ ತೆಗೆದರು, ಕೊಡಲಿಲ್ಲ. “ಮೊದಲು ಮಗೂನ ಕರ್ಕೊಳ್ಳಿ, ಹಿಂದುಗಡೆ ಇದ್ದಾಳೆ” ಎಂದು ತಾವೂ ಜೊತೆಗೆ ಹೋದರು.

ಶಾಲೆಯ ಹಿಂದೆ ಧೂಳೋ ಧೂಳು. ನೆಲದ ಮೇಲೆ ಗೆರೆ ಎಳೆದು ಏಳೆಂಟು ಹುಡುಗಿಯರು ಕಿರುಚಾಡುತ್ತಿದ್ದರು. ನಡುವಿನ ಮನೆಯಲ್ಲಿ ಧನುಶ್ರೀ ಒಂಟಿಕಾಲಲ್ಲಿ ನಿಂತು, ನಾಲಿಗೆ ಕಚ್ಚಿಕೊಂಡು, ಬಿಲ್ಲೆಯ ಮೇಲೆಯೇ ಕಣ್ಣು ನೆಟ್ಟಿದ್ದಳು. ಪುಟ್ಟಸ್ವಾಮಿ ಬ್ಯಾಗು ಹಿಡಿದುಕೊಂಡೇ ಹತ್ತಿರ ಹೋದ.

“ಬಾ ಮಗ, ಬಸ್ಸು ಬತ್ತದೆ.”

ಹುಡುಗಿ ತಲೆ ಎತ್ತಿದಳು. ಮೊದಲು ತಾತನ ಮುಖ, ಆಮೇಲೆ ಅವನ ಕಾಲು ನೋಡಿದಳು.

“ಅಯ್ಯೋ ತಾತಾ, ಗೆರೆ ತುಳೀತಿದ್ದೀಯಲ್ಲ! ಕಣ್ ಕಾಣಾಕಿಲ್ವಾ? ಅತ್ಲಾಗ್ ಓಗು!”

ಪುಟ್ಟಸ್ವಾಮಿ ಥಟ್ಟನೆ ಗೆರೆಯಿಂದ ಆಚೆ ಜಿಗಿದ. ಮೊಮ್ಮಗಳು ಇನ್ನೊಂದು ಮನೆಗೆ ಕುಂಟಿಕೊಂಡು ಹೋದಳು, ಮತ್ತೆ ಅವನ ಕಡೆ ನೋಡಲಿಲ್ಲ. ಅವನು ಬ್ಯಾಗನ್ನು ಎದೆಗೆ ಅವಚಿಕೊಂಡು ಮಂಗಳಮ್ಮನವರತ್ತ ತಿರುಗಿದ. ಗಡ್ಡದ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೂ ಅಗಲವಾಗಿತ್ತು.

“ಬೈದ್ಬುಟ್ಳು ಮೇಡಮ್ಮೋರೆ” ಎಂದ. “ನನ್ ಕೂಸು ನನ್ನ ಬೈದ್ಬುಟ್ಳು.”